ಮಾರ್ನಿಂಗ್ಟನ್ ಮನೆತನ

ಶ್ರೀರಂಗಪಟ್ಟಣದ ಪತನದ ವೃತ್ತಾಂತವನ್ನು ಓದತೊಡಗಿದವನಿಗೆ ವೆಲ್ಲೆಸ್ಲಿ ಎಂಬ ಹೆಸರು ಎರಡು ಕಡೆಯಿಂದ ಎದುರಾಗುತ್ತದೆ. ಕಾವೇರಿಯ ದಡದ ಪಾಳೆಯದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಒಬ್ಬನು. ಮದರಾಸಿನಲ್ಲಿ ಕುಳಿತು ಲೇಖನಿಯಿಂದಲೇ ಆ ಯುದ್ಧವನ್ನು ನಡೆಯಿಸಿದ ಗವರ್ನರ್ ಜನರಲ್, ಮಾರ್ನಿಂಗ್ಟನ್ನಿನ ಅರ್ಲ್ ರಿಚರ್ಡ್ ವೆಲ್ಲೆಸ್ಲಿ ಇನ್ನೊಬ್ಬನು. ಇಬ್ಬರೂ ಒಂದೇ ತಾಯಿಯ ಮಕ್ಕಳು. ತಮ್ಮನಾದ ಆರ್ಥರನು ವೆಲಿಂಗ್ಟನ್ನಿನ ಡ್ಯೂಕನಾಗಿ, ವಾಟರ್‌ಲೂ ರಣಭೂಮಿಯಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗದ್ವಿಖ್ಯಾತನಾದನು. ಅಣ್ಣನಿಗೆ ನಮ್ಮ ಶಾಲೆಗಳ ಇತಿಹಾಸಪುಸ್ತಕದಲ್ಲಿ ಸಹಾಯಕ ಸೈನ್ಯಪದ್ಧತಿಯೆಂಬ ಶೀರ್ಷಿಕೆಯ ಕೆಳಗೆ ನಾಲ್ಕು ಸಾಲುಗಳಷ್ಟು ಸ್ಥಳ ದೊರೆಯಿತು. ಆ ನಾಲ್ಕು ಸಾಲುಗಳನ್ನು ಕಂಠಪಾಠ ಮಾಡಿದ ನಾವು ಅವನನ್ನು ರಾಜ್ಯಲೋಭಿಯಾದ ಆಂಗ್ಲ ಅಧಿಕಾರಿಗಳಲ್ಲಿ ಒಬ್ಬನೆಂದು ಎಣಿಸಿ ಮುಂದೆ ಸಾಗುತ್ತೇವೆ. ಲೋಭವೇನೋ ನಿಜ, ಆದರೆ ಅವನು ಆಂಗ್ಲನಲ್ಲ, ಐರ್ಲೆಂಡಿನವನು, ಅವನು ಹಂಬಲಿಸಿದ್ದು ರಾಜ್ಯಕ್ಕಿಂತ ಹೆಚ್ಚಾಗಿ ಪದವಿಯನ್ನು. ಆ ಹಂಬಲದ ಬೇರು ಹುಡುಕಬೇಕಾದರೆ ಕಲ್ಕತ್ತೆಯನ್ನು ಬಿಟ್ಟು ಐರ್ಲೆಂಡಿನ ಮೀತ್ ಪ್ರಾಂತದ ಡ್ಯಾಂಗನ್ ಎಂಬಲ್ಲಿದ್ದ ಸಾಲಗ್ರಸ್ತವಾದ ಒಂದು ದೊಡ್ಡ ಮನೆಗೆ ಹೋಗಬೇಕಾಗುತ್ತದೆ.

ಹದಿನೆಂಟನೆಯ ಶತಮಾನದ ಐರ್ಲೆಂಡಿನಲ್ಲಿ ಪ್ರಭುಗಳೆನಿಸಿಕೊಂಡವರು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಪ್ರಾಟೆಸ್ಟಂಟ್ ಭೂಮಾಲೀಕರ ಸಂತತಿಯವರು. ಅವರ ನೆಲವನ್ನು ಉಳುತ್ತಿದ್ದವರು ಶಾಸನಸಭೆಯ ಬಾಗಿಲು ಯಾರ ಪಾಲಿಗೆ ಮುಚ್ಚಿತ್ತೋ ಆ ಕ್ಯಾಥೊಲಿಕರು. ಸ್ವದೇಶದಲ್ಲಿ ಹೀಗೆ ಅನ್ಯರಂತಿದ್ದ ಈ ಪ್ರಭುಗಳಿಗೆ ಇಂಗ್ಲೆಂಡಿನಲ್ಲಿಯೂ ಪೂರ್ಣಮರ್ಯಾದೆ ಸಲ್ಲುತ್ತಿರಲಿಲ್ಲ. ಐರ್ಲೆಂಡಿನ ಅರ್ಲನಿಗೆ ಡಬ್ಲಿನ್ನಿನ ಪ್ರಭುಸಭೆಯಲ್ಲಿ ಆಸನವುಂಟೇ ಹೊರತು ಲಂಡನ್ನಿನ ಪ್ರಭುಸಭೆಯಲ್ಲಿಲ್ಲ. ಅಲ್ಲಿಯ ರಾಜಕಾರಣಕ್ಕೆ ಇಳಿಯಬೇಕೆಂದರೆ ಅವನು ಸಾಮಾನ್ಯರಂತೆ ಚುನಾಯಿತನಾಗಿ ಕಾಮನ್ಸ್ ಸಭೆಯಲ್ಲಿ ಕುಳಿತುಕೊಳ್ಳಬೇಕು. ಅರಸನು ಬೆಂಬಲ ಕೊಳ್ಳುವುದಕ್ಕಾಗಿ ಐರಿಷ್ ಬಿರುದುಗಳನ್ನು ಧಾರಾಳವಾಗಿ ಹಂಚುತ್ತಿದ್ದುದರಿಂದ, ಲಂಡನ್ನಿನ ಕುಲೀನರು ಅವುಗಳನ್ನು ಕಂಡು ಮುಗುಳ್ನಗುತ್ತಿದ್ದರು.

ಮಾರ್ನಿಂಗ್ಟನ್ ಮನೆತನವು ಈ ವರ್ಗದಲ್ಲಿಯೂ ಹೊಸಬರದು. ರಿಚರ್ಡ್ ಕಾಲಿ ಎಂಬವನು 1728ರಲ್ಲಿ ತನ್ನ ಬಂಧುವಾದ ಗ್ಯಾರೆಟ್ ವೆಸ್ಲಿಯ ಆಸ್ತಿಗೆ ಉತ್ತರಾಧಿಕಾರಿಯಾಗಿ ಆ ಮನೆಯ ಹೆಸರನ್ನೂ ಧರಿಸಿದನು. 1746ರಲ್ಲಿ ಬ್ಯಾರನ್ ಪದವಿಯನ್ನು ಪಡೆದನು. ಆ ಆಸ್ತಿಯನ್ನು ಮೊದಲು ಮೆಥಡಿಸ್ಟ್ ಪಂಥದ ಪ್ರಸಿದ್ಧ ಕೀರ್ತನಕಾರ ಚಾರ್ಲ್ಸ್ ವೆಸ್ಲಿಗೆ ಕೊಡುವ ಪ್ರಸ್ತಾಪವಿತ್ತೆಂದೂ, ಅವನು ಬೇಡವೆಂದದ್ದರಿಂದ ಅದು ಕಾಲಿಗೆ ಬಂತೆಂದೂ ಒಂದು ಪ್ರತೀತಿಯುಂಟು. ಅದು ದಿಟವಾಗಿದ್ದರೆ ಒಬ್ಬ ಭಕ್ತನ ವೈರಾಗ್ಯವು ಮೈಸೂರಿನ ಇತಿಹಾಸದವರೆಗೆ ಕೈಚಾಚಿತೆಂದು ಹೇಳಬೇಕಾದೀತು. ಡ್ಯಾಂಗನ್ನಿನ ಉದ್ಯಾನದಲ್ಲಿ ಕೃತಕ ಸರೋವರ, ಸರೋವರದಲ್ಲಿ ನೌಕೆಗಳು, ದಡದಲ್ಲಿ ಫಿರಂಗಿಗಳಿಂದ ಕೂಡಿದ ಪುಟ್ಟ ಕೋಟೆ, ಇಂತಹ ವಿನೋದಗಳಿಗೆ ಕೊರತೆಯಿರಲಿಲ್ಲ. ಈ ರಿಚರ್ಡನ ಮಗನಾದ ಗ್ಯಾರೆಟ್ಟನು ಸಂಗೀತರಸಿಕನಷ್ಟೇ ಅಲ್ಲ, ನಿಜವಾದ ವಿದ್ವಾಂಸನು. ಗೇಯಪ್ರಬಂಧಗಳನ್ನೂ ಚರ್ಚಿನ ಸ್ತೋತ್ರಗಳಿಗೆ ರಾಗಗಳನ್ನೂ ರಚಿಸಿದವನು. 1764ರಲ್ಲಿ ಡಬ್ಲಿನ್ ವಿಶ್ವವಿದ್ಯಾಲಯದ ಪ್ರಪ್ರಥಮ ಸಂಗೀತ ಪ್ರಾಧ್ಯಾಪಕನಾದವನು. 1760ರಲ್ಲಿ ಅವನಿಗೆ ಅರ್ಲ್ ಪದವಿಯೂ ಜ್ಯೇಷ್ಠಪುತ್ರನೂ ಒಂದೇ ವರ್ಷದಲ್ಲಿ ಪ್ರಾಪ್ತವಾದುವು. ಸಂಗೀತದಲ್ಲಿ ಕೊಂಚವೂ ಅಪಸ್ವರ ಸಹಿಸದ ಈ ಸಜ್ಜನನಿಗೆ ಲೆಕ್ಕದ ಪುಸ್ತಕದ ವಿಷಯದಲ್ಲಿ ಅಂಥ ಸೂಕ್ಷ್ಮವಿರಲಿಲ್ಲ. 1781ರಲ್ಲಿ ಅವನು ತೀರಿಕೊಂಡಾಗ ಮಕ್ಕಳ ಪಾಲಿಗೆ ಉಳಿದದ್ದು ಬಿರುದು ಮತ್ತು ಸಾಲ.

ಆಗ ರಿಚರ್ಡನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಹ್ಯಾರೋ ಶಾಲೆಯಲ್ಲಿ ಹೊಸ ಮುಖ್ಯೋಪಾಧ್ಯಾಯನ ನೇಮಕದ ವಿರುದ್ಧ ಹುಡುಗರೆದ್ದ ದಂಗೆಯಲ್ಲಿ ಸೇರಿ ಹೊರದೂಡಲ್ಪಟ್ಟ ಈ ಬಾಲಕನು ಈಟನ್ ಶಾಲೆಗೆ ಬಂದು ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ಅಸಾಧಾರಣ ಪ್ರಾವೀಣ್ಯವನ್ನು ಗಳಿಸಿದನು. ಆಕ್ಸ್‌ಫರ್ಡಿನಲ್ಲಿ 1780ರ ಲ್ಯಾಟಿನ್ ಕವಿತೆಯ ಬಹುಮಾನವೂ ಅವನದಾಯಿತು. ತಂದೆಯ ಮರಣದಿಂದ ಪದವಿ ಪಡೆಯದೆಯೇ ವಿದ್ಯಾಭ್ಯಾಸ ನಿಂತಿತು. ತಾಯಿ ಆನ್, ನಾಲ್ವರು ತಮ್ಮಂದಿರು, ತಂಗಿಯರು, ಇಷ್ಟು ಜನರ ಭಾರವನ್ನು ಹೊತ್ತು, ತಂದೆಯ ಸಾಲವನ್ನು ತಾನೇ ತೀರಿಸುವೆನೆಂದು ಅವನು ಒಪ್ಪಿಕೊಂಡನು. ಡ್ಯಾಂಗನ್ ಕ್ರಮೇಣ ಪರರ ಕೈಸೇರಿತು. ಮುಂದೆ ಬೆಂಕಿಗೆ ತುತ್ತಾಗಿ ಪಾಳುಬಿದ್ದಿತು.

ತಮ್ಮಂದಿರನ್ನು ಮುಂದಕ್ಕೆ ತಂದ ಬಗೆಯನ್ನು ನೋಡಿದರೆ ನಮ್ಮ ಅವಿಭಕ್ತ ಕುಟುಂಬದ ಯಜಮಾನರು ಮೆಚ್ಚಿ ತಲೆದೂಗುವಂತಿದೆ. ಎರಡನೆಯವನಾದ ವಿಲಿಯಮನು ಬಂಧುವೊಬ್ಬನ ಆಸ್ತಿಯೊಡನೆ ಪೋಲ್ ಎಂಬ ಹೆಸರನ್ನು ಪಡೆದು ನೆಲೆನಿಂತದ್ದರಿಂದ ಅವನ ಚಿಂತೆ ಕಡಮೆಯಾಯಿತು. ಮೂರನೆಯವನಾದ ಆರ್ಥರನು ತಾಯಿಯ ಕಣ್ಣಿಗೆ ಯಾವ ಕೆಲಸಕ್ಕೂ ಒದಗದ ಹುಡುಗ; ಪಿಟೀಲು ನುಡಿಸುವುದರಲ್ಲಿ ಮಾತ್ರ ತಂದೆಯನ್ನು ಹೋಲುತ್ತಿದ್ದ ಅವನಿಗೆ ಅಣ್ಣನು ವಶೀಲಿ ಮಾಡಿ ಸೈನ್ಯದಲ್ಲಿ ಸ್ಥಾನ ದೊರಕಿಸಿದನು, ಮನೆಯ ಹತೋಟಿಯಲ್ಲಿದ್ದ ಟ್ರಿಮ್ ಕ್ಷೇತ್ರದಿಂದ ಐರಿಷ್ ಪಾರ್ಲಿಮೆಂಟಿಗೆ ಕಳುಹಿಸಿದನು, ಮೇಲಿನ ಹುದ್ದೆಗಳನ್ನು ಹಣಕ್ಕೆ ಕೊಳ್ಳುತ್ತಿದ್ದ ಆ ಕಾಲದಲ್ಲಿ ಅದಕ್ಕೆ ಬೇಕಾದ ಹಣವನ್ನೂ ಒದಗಿಸಿದನು. ಜೆರಾಲ್ಡನು ಪಾದ್ರಿಯಾದನು. ಕಿರಿಯನಾದ ಹೆನ್ರಿಯು ಅಣ್ಣನ ಆಪ್ತ ಕಾರ್ಯದರ್ಶಿಯಾಗಿ ಭಾರತಕ್ಕೆ ಬಂದನು. ಆರ್ಥರನೊಬ್ಬನನ್ನು ಅಣ್ಣನು ಕೈಬಿಟ್ಟಿದ್ದರೆ ಯೂರೋಪಿನ ಚರಿತ್ರೆ ಏನಾಗುತ್ತಿತ್ತೋ!

ಇಷ್ಟೆಲ್ಲ ವಿವೇಕವುಳ್ಳ ಯಜಮಾನನು ತನ್ನ ಸ್ವಂತ ಸಂಸಾರದ ವಿಷಯದಲ್ಲಿ ಲೋಕದ ಕಟ್ಟಳೆಯನ್ನು ಲಕ್ಷಿಸಲಿಲ್ಲ. ಪ್ಯಾರಿಸಿನ ನಟಿಯಾದ ಹಯಾಸಿಂತ್ ಗೇಬ್ರಿಯೆಲ್ ರೋಲಾಂಳಲ್ಲಿ ಅವನು ಅನುರಕ್ತನಾಗಿ ಆಕೆಯೊಡನೆ ಹಲವು ವರ್ಷ ಬಾಳಿದನು. ಮೂವರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಹುಟ್ಟಿದ ಮೇಲೆ 1794ರಲ್ಲಿ ಆಕೆಯನ್ನು ವಿವಾಹವಾದನು. ಪ್ರೇಯಸಿಯನ್ನು ತೊರೆಯುವುದೇ ಮರ್ಯಾದೆಯೆನಿಸಿದ್ದ ಆ ಸಮಾಜದಲ್ಲಿ ಇದು ಅವನ ಗುಣಕ್ಕೆ ಸಾಕ್ಷಿಯೆಂದೇ ನನ್ನ ಭಾವನೆ. ಆದರೆ ತಡವಾದ ವಿವಾಹವು ಮೊದಲೇ ಹುಟ್ಟಿದ ಮಕ್ಕಳಿಗೆ ಔರಸತ್ವವನ್ನು ಕೊಡುತ್ತಿರಲಿಲ್ಲ. ಇಂಗ್ಲೆಂಡಿನ ಕಾನೂನು ಹಾಗಿತ್ತು. ವಿವಾಹವಾದ ಮೇಲೆ ಬೇರೆ ಮಕ್ಕಳಾಗಲಿಲ್ಲ. ಆದುದರಿಂದ ಅವನು ಮುಂದೆ ಎಷ್ಟು ಬಿರುದುಗಳನ್ನು ಗಳಿಸಿದರೂ ಅವುಗಳನ್ನು ತನ್ನ ಮಗನಿಗೆ ಕೊಡುವಂತಿರಲಿಲ್ಲ. ಲಂಡನ್ನಿನ ಗಣ್ಯಸ್ತ್ರೀಯರು ಹಯಾಸಿಂತಳನ್ನು ತಮ್ಮ ಮನೆಗಳಿಗೆ ಕರೆಯಲಿಲ್ಲ. ಗಂಡನು ಭಾರತಕ್ಕೆ ಹೊರಟಾಗ ಆಕೆ ಸಮುದ್ರಯಾನಕ್ಕೆ ಒಪ್ಪದೆ ಅಲ್ಲಿಯೇ ಉಳಿದಳು. ಆ ಏಳೆಂಟು ವರ್ಷಗಳ ವಿರಹವು ಮುಂದೆ ವಿಚ್ಛೇದಕ್ಕೆ ದಾರಿಯಾಗಿ, 1810ರಲ್ಲಿ ದಂಪತಿಗಳು ಬೇರೆಯಾದರು. 1816ರಲ್ಲಿ ಆಕೆ ತೀರಿಕೊಂಡಳು.

ಪ್ರಧಾನಿ ಪಿಟ್ಟನ ಸ್ನೇಹದಿಂದ ರಿಚರ್ಡನು ಕಾಮನ್ಸ್ ಸಭೆಯನ್ನು ಪ್ರವೇಶಿಸಿ, 1793ರಲ್ಲಿ ಭಾರತದ ವ್ಯವಹಾರಗಳ ನಿಯಂತ್ರಣ ಮಂಡಲಿಯ ಸದಸ್ಯನಾಗಿ, 1798ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ಲನಾಗಿ ಕಲ್ಕತ್ತೆಯಲ್ಲಿ ಇಳಿದನು. ಟಿಪ್ಪುವಿನ ದೂತರು ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ನೆರವು ಕೇಳಿದ ಸಂಗತಿಯು ಅಲ್ಲಿಯ ಗವರ್ನರನ ಬಹಿರಂಗ ಘೋಷಣೆಯಿಂದಲೇ ಬಯಲಾಗಿತ್ತು. ಆ ಘೋಷಣೆಯ ಫಲವಾಗಿ ಮಂಗಳೂರಿಗೆ ಬಂದಿಳಿದವರು ನೂರಕ್ಕಿಂತ ಕಡಮೆ ಮಂದಿ. ಆದರೆ ಯುದ್ಧವನ್ನು ಬಯಸುವವನಿಗೆ ನೆಪದ ಗಾತ್ರವು ಮುಖ್ಯವಲ್ಲ. ಹೈದರಾಬಾದಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳ ದಳವನ್ನು ರಕ್ತಪಾತವಿಲ್ಲದೆ ವಿಸರ್ಜಿಸಿ, ನಿಜಾಮನನ್ನು ತನ್ನ ಸಂಧಿಯ ಪಾಶದಲ್ಲಿ ಬಿಗಿದು, ತಾನು ಮದರಾಸಿಗೆ ಬಂದು ನಿಂತು, ಜನರಲ್ ಹ್ಯಾರಿಸನ ದಂಡನ್ನು ಮೈಸೂರಿನ ಮೇಲೆ ಕಳುಹಿಸಿದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪು ಹೋರಾಡುತ್ತ ಮಡಿದನು.

ಈ ಯುದ್ಧದಲ್ಲಿ ತಮ್ಮನು ಮಾಡಿದ್ದೇನು? ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಮೇಲೆ ನುಗ್ಗಲು ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಆರ್ಥರನು ಸೋತು ಹಿಂದಿರುಗಿದನು. ಕೋಟೆಯ ಬಿರುಕಿನಲ್ಲಿ ನುಗ್ಗಿದ ದಂಡಿನ ನಾಯಕನು ಡೇವಿಡ್ ಬೇರ್ಡ್, ಇದೇ ಶ್ರೀರಂಗಪಟ್ಟಣದಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆದರೂ ಮರುದಿನ ಪಟ್ಟಣದ ಆಡಳಿತವನ್ನು ಹ್ಯಾರಿಸನು ಆರ್ಥರನ ಕೈಗೆ ಕೊಟ್ಟನು. ಗವರ್ನರ್ ಜನರಲ್ಲನು ಅದನ್ನು ಅನುಮೋದಿಸಿದನು. ಬೇರ್ಡನು ಈ ಅವಮಾನವನ್ನು ಮರೆಯಲೇ ಇಲ್ಲ. ಮೈಸೂರನ್ನು ಹಂಚಿ ಹೊಸ ವ್ಯವಸ್ಥೆಯನ್ನು ಮಾಡಲು ನೇಮಕವಾದ ಐವರ ಸಮಿತಿಯಲ್ಲಿ ಇಬ್ಬರು, ಆರ್ಥರ್ ಮತ್ತು ಹೆನ್ರಿ, ಗವರ್ನರ್ ಜನರಲ್ಲನ ತಮ್ಮಂದಿರೇ. ಸ್ವಜನಪಕ್ಷಪಾತವೆಂದು ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ಗೊಣಗಿದರು. ಆರ್ಥರನು ಆ ಬಳಿಕ ಧೋಂಡಿಯ ವಾಘನನ್ನು ಬೆನ್ನಟ್ಟಿದ ರೀತಿಯನ್ನೂ ಅಸ್ಸಾಯೆಯ ರಣದಲ್ಲಿ ತೋರಿದ ಪರಾಕ್ರಮವನ್ನೂ ನೋಡಿದರೆ ಅಣ್ಣನ ಪಕ್ಷಪಾತವು ಅಪಾತ್ರದಾನವಾಗಿರಲಿಲ್ಲವೆಂದು ಒಪ್ಪಲೇಬೇಕು; ಹೆನ್ರಿಯ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲಾರೆ.

1799ರ ಜೂನ್ 30ರಂದು ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು, ಪೂರ್ಣಯ್ಯನವರು ದಿವಾನರಾದರು. ಕೆನರಾ, ಕೊಯಮತ್ತೂರು ಮುಂತಾದ ಪ್ರಾಂತಗಳು ಕಂಪೆನಿಗೆ ಸೇರಿದುವು. ಉಳಿದ ಮೈಸೂರು ವರ್ಷಕ್ಕೆ ಏಳು ಲಕ್ಷ ಪಗೋಡಗಳನ್ನು ಸೈನ್ಯದ ವೆಚ್ಚಕ್ಕೆಂದು ತೆರಬೇಕಾಗಿತ್ತು. ಆ ಹಣಕ್ಕೆ ಕುತ್ತು ಬರುವಂತೆ ಕಂಡರೆ ಆಡಳಿತವನ್ನು ಕಂಪೆನಿಯೇ ವಹಿಸಿಕೊಳ್ಳಬಹುದೆಂಬ ಒಂದು ವಿಧಿಯೂ ಸಂಧಿಪತ್ರದಲ್ಲಿತ್ತು. ಈ ವಿಧಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬಹು ವಿಚಿತ್ರವಾದ ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ.

ವಿಜಯದ ಕೊಳ್ಳೆಯಲ್ಲಿ ಒಂದು ಲಕ್ಷ ಪೌಂಡುಗಳನ್ನು ಕೊಡಲು ಬಂದಾಗ, ಅದು ಸೈನಿಕರಿಗೆ ಸಲ್ಲತಕ್ಕದ್ದೆಂದು ರಿಚರ್ಡನು ನಿರಾಕರಿಸಿದನು. ಸಾಲಗಾರನೊಬ್ಬನು ಇಷ್ಟು ದೊಡ್ಡ ಮೊತ್ತವನ್ನು ಕೈಯಿಂದ ದೂರ ತಳ್ಳಿದ್ದು ಸಾಮಾನ್ಯವಲ್ಲ. ಅವನು ಕಾದಿದ್ದುದು ಬೇರೊಂದಕ್ಕೆ: ಬ್ರಿಟನ್ನಿನ ಪ್ರಭುವರ್ಗದಲ್ಲಿ ಮಾರ್ಕ್ವಿಸ್ ಅಥವಾ ಡ್ಯೂಕ್ ಪದವಿಗೆ. ಹಡಗು ತಂದ ಸುದ್ದಿಯೇನೆಂದರೆ, ಅವನಿಗೆ ಮಾರ್ಕ್ವಿಸ್ ಪದವಿ ಬಂದಿದೆ, ಆದರೆ ಅದು ಐರ್ಲೆಂಡಿನದು. ಯಾವ ಅರೆಮರ್ಯಾದೆಯಿಂದ ಪಾರಾಗಬೇಕೆಂದು ಅವನು ಆರು ತಿಂಗಳ ಸಮುದ್ರಯಾನ ಮಾಡಿ ಬಂದು ಒಂದು ರಾಜ್ಯವನ್ನೇ ಉರುಳಿಸಿದ್ದನೋ, ಅದೇ ಅರೆಮರ್ಯಾದೆ ಇನ್ನಷ್ಟು ದೊಡ್ಡದಾಗಿ ಹಿಂದಿರುಗಿತು. ಅದನ್ನು ಅವನು ಎರಡು ಸಲ ಚಿನ್ನದ ನೀರು ಹಾಕಿಸಿದ ಆಲೂಗಡ್ಡೆಯೆಂದು ಕರೆದನು; ಪಿಟ್ಟನಿಗೆ ಕಹಿಯಾದ ಪತ್ರಗಳನ್ನು ಬರೆದನು; ಆರೋಗ್ಯ ಕೆಟ್ಟು ಬಹುಕಾಲ ಕುದಿದನು. ಟಿಪ್ಪುವಿನ ಭಂಡಾರದ ರತ್ನಗಳಿಂದ ಸೈನ್ಯದವರು ಮಾಡಿಸಿಕೊಟ್ಟ ಪದಕವೂ ಐರ್ಲೆಂಡಿನ ಸಂತ ಪ್ಯಾಟ್ರಿಕ್ಕನ ಹೆಸರಿನ ಗೌರವಶ್ರೇಣಿಯದೇ. ಕಂಪೆನಿಯು ಇಪ್ಪತ್ತು ವರ್ಷಗಳ ಕಾಲ ವರ್ಷಕ್ಕೆ 5,000 ಪೌಂಡುಗಳ ವೇತನವನ್ನು ಗೊತ್ತುಮಾಡಿತು. ಅವನ ಎದೆಯ ಉರಿ ಇದರಿಂದ ಆರುವಂಥದಲ್ಲ.

ಇಂಗ್ಲೆಂಡು ಕೊಡದ ವೈಭವವನ್ನು ಅವನು ಕಲ್ಕತ್ತೆಯಲ್ಲಿ ತಾನೇ ನಿರ್ಮಿಸಿಕೊಂಡನು. ಡರ್ಬಿಷೈರಿನ ಕೆಡಲ್‌ಸ್ಟನ್ ಸೌಧದ ಮಾದರಿಯಲ್ಲಿ ಕಟ್ಟಿಸಿದ ಸರ್ಕಾರಿ ಭವನವು 1803ರಲ್ಲಿ ಮುಗಿಯಿತು. ವೆಚ್ಚದ ಲೆಕ್ಕ ಕಂಡ ನಿರ್ದೇಶಕರು ದಿಗ್ಭ್ರಾಂತರಾದರು. ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು ಫೋರ್ಟ್ ವಿಲಿಯಮ್ ಕಾಲೇಜನ್ನು 1800ರಲ್ಲಿ ಸ್ಥಾಪಿಸಿ, ಅದರ ಶಾಸನಕ್ಕೆ ಶ್ರೀರಂಗಪಟ್ಟಣ ಬಿದ್ದ ದಿನದ ವಾರ್ಷಿಕ ತಿಥಿಯನ್ನೇ ಹಾಕಿಸಿದನು. ಆ ಕಾಲೇಜಿನ ಅಧ್ಯಾಪಕನಾಗಿದ್ದ ವಿಲಿಯಂ ಕೇರಿಯು 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದನು. ಗೆದ್ದ ದೇಶದಲ್ಲಿ ಏನೇನು ಬೆಳೆಯುತ್ತದೆ, ಜನರು ಹೇಗಿದ್ದಾರೆ ಎಂದು ತಿಳಿದು ಬರುವಂತೆ ವೈದ್ಯನಾದ ಫ್ರಾನ್ಸಿಸ್ ಬುಕಾನನ್ನನನ್ನು ಮೈಸೂರು, ಕೆನರಾ, ಮಲಬಾರುಗಳಿಗೆ ಕಳುಹಿಸಿದವನೂ ಇವನೇ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಆ ಪ್ರವಾಸಗ್ರಂಥವನ್ನು ಬಿಟ್ಟು ಆ ಕಾಲದ ನಮ್ಮ ರೈತ, ನೇಕಾರ, ಕಮ್ಮಾರರ ಬಾಳನ್ನು ಬಣ್ಣಿಸುವ ಸಾಹಸವನ್ನು ಇಂದಿಗೂ ಯಾರೂ ಮಾಡಲಾರರು. ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿ 1804ರಲ್ಲಿ ಮುಗಿಸಿದ ಕಲ್ಲುಕಂಬಗಳ ಸೇತುವೆಗೆ ವೆಲ್ಲೆಸ್ಲಿಯ ಹೆಸರಿಟ್ಟರು. ಅನೇಕರು ಅದನ್ನು ತಮ್ಮನ ಹೆಸರೆಂದು ತಿಳಿಯುತ್ತಾರೆ, ಅದು ಅಣ್ಣನದು.

ಅಯೋಧ್ಯೆಯ ನವಾಬನಿಂದ ಅರ್ಧರಾಜ್ಯವನ್ನು ಕಿತ್ತುಕೊಂಡದ್ದು, ಪೇಷ್ವೆಯೊಡನೆ ವಸಯಿಯ ಒಪ್ಪಂದ, ಮರಾಠರೊಡನೆ ಯುದ್ಧ, ಇವುಗಳ ವಿವರ ಇಲ್ಲಿ ಬೇಡ. ಕಂಪೆನಿಯ ಸಾಲವು ಬೆಳೆಯಿತು, ಹೋಳ್ಕರನು ಮಾನ್ಸನ್ನನ ದಂಡನ್ನು ಓಡಿಸಿದನು, 1805ರಲ್ಲಿ ವೆಲ್ಲೆಸ್ಲಿಯನ್ನು ಹಿಂದಕ್ಕೆ ಕರೆಸಿಕೊಂಡರು. 1806ರ ಜನವರಿಯಲ್ಲಿ ಅವನು ಲಂಡನ್ ಸೇರಿದಾಗ ಆಪ್ತನಾದ ಪಿಟ್ಟನು ಮರಣಶಯ್ಯೆಯಲ್ಲಿದ್ದನು. ಅಯೋಧ್ಯೆಯ ವಿಷಯವನ್ನು ಹಿಡಿದು ಜೇಮ್ಸ್ ಪಾಲ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಆಪಾದನೆಗಳನ್ನು ಹೂಡಿದನು. ಆ ಕಾಟ 1808ರವರೆಗೂ ಮುಗಿಯಲಿಲ್ಲ.

ಮುಂದಿನ ಕೆಲವು ವರ್ಷಗಳು ಈ ಸೋದರರ ಉಚ್ಚಕಾಲ. ಸ್ಪೇನಿನಲ್ಲಿ ಸೇನಾಪತಿ ಆರ್ಥರ್. 1809ರ ಡಿಸೆಂಬರಿನಿಂದ ವಿದೇಶಾಂಗ ಮಂತ್ರಿ ರಿಚರ್ಡ್. ಸ್ಪೇನಿಗೆ ರಾಯಭಾರಿ ಹೆನ್ರಿ. ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ ವಿಲಿಯಮ್. ಬ್ರಿಟಿಷ್ ಸಾಮ್ರಾಜ್ಯದ ಮುಖ್ಯ ವ್ಯವಹಾರವು ಒಂದು ಐರಿಷ್ ಮನೆಯ ಅಡುಗೆಮನೆಯ ಮಾತಿನಂತೆ ಅಣ್ಣತಮ್ಮಂದಿರ ನಡುವೆ ನಡೆಯುತ್ತಿತ್ತು. ಆದರೆ ಏಕಚ್ಛತ್ರಾಧಿಪತ್ಯಕ್ಕೆ ಒಗ್ಗಿಹೋದ ರಿಚರ್ಡನಿಗೆ ಮಂತ್ರಿಮಂಡಲದ ಸರಿಸಮಾನರೊಡನೆ ಕುಳಿತು ಚರ್ಚಿಸುವುದು ಬೇಸರದ ಕೆಲಸವಾಯಿತು, 1812ರಲ್ಲಿ ರಾಜೀನಾಮೆಯಿತ್ತನು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಧಾನಿ ಪರ್ಸಿವಲ್ಲನ ಕೊಲೆಯಾದಾಗ ಯುವರಾಜನು ಮಂತ್ರಿಮಂಡಲವನ್ನು ರಚಿಸುವಂತೆ ರಿಚರ್ಡನನ್ನೇ ಕೇಳಿದನು. ಅವನ ಕೆಳಗೆ ಕೆಲಸ ಮಾಡಲು ಹಳೆಯ ಸಹೋದ್ಯೋಗಿಗಳು ಒಪ್ಪಲಿಲ್ಲ. ಪ್ರಧಾನಿಪದವು ಲಿವರ್‌ಪೂಲನ ಪಾಲಾಯಿತು. ಆರ್ಥರನು ಡ್ಯೂಕನಾದ ಮೇಲೆ ಅಣ್ಣತಮ್ಮಂದಿರ ಮೇಲುಕೀಳು ತಿರುಗುಮುರುಗಾಯಿತು. ಲಂಡನ್ನಿನ ಹೈಡ್ ಪಾರ್ಕಿನ ಮೂಲೆಯಲ್ಲಿರುವ, ಇಂದು ವೆಲಿಂಗ್ಟನ್ನಿನ ಮನೆಯೆಂದು ಪ್ರವಾಸಿಗಳು ನೋಡುವ ಆಪ್ಸ್‌ಲಿ ಹೌಸನ್ನು 1807ರಲ್ಲಿ ಕೊಂಡವನು ರಿಚರ್ಡ್. ಸಾಲದ ಬಾಧೆಯಿಂದ 1817ರಲ್ಲಿ ಅದನ್ನು ತಮ್ಮನಿಗೇ ಮಾರಿದನು.

1821ರಲ್ಲಿ ಅವನನ್ನು ಐರ್ಲೆಂಡಿನ ರಾಜಪ್ರತಿನಿಧಿಯನ್ನಾಗಿ ಕಳುಹಿಸಿದರು. ಅವನ ಜೀವನದ ಅತ್ಯಂತ ಗೌರವಾರ್ಹವಾದ ಭಾಗವು ಇದೇ ಎಂದು ನನಗೆ ತೋರುತ್ತದೆ. ಭಾರತದಲ್ಲಿ ಯಾರ ಹಕ್ಕನ್ನೂ ಲೆಕ್ಕಿಸದ ಈ ಮನುಷ್ಯನು ತನ್ನ ನಾಡಿನ ಕ್ಯಾಥೊಲಿಕರಿಗೆ ಸಮಾನಹಕ್ಕು ದೊರೆಯಬೇಕೆಂದು ಬಹುಕಾಲದಿಂದ ವಾದಿಸುತ್ತಿದ್ದವನು. ಪ್ರಾಟೆಸ್ಟಂಟರು ವರ್ಷವರ್ಷವೂ ಮೂರನೆಯ ವಿಲಿಯಮ್ ದೊರೆಯ ಪ್ರತಿಮೆಯನ್ನು ಸಿಂಗರಿಸಿ ಕ್ಯಾಥೊಲಿಕರನ್ನು ಕೆರಳಿಸುತ್ತಿದ್ದ ಉತ್ಸವವನ್ನು ನಿಲ್ಲಿಸಿದ್ದಕ್ಕಾಗಿ, 1822ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ನಾಟಕಶಾಲೆಯಲ್ಲಿ ಅವನತ್ತ ಸೀಸೆಯನ್ನೆಸೆದರು. 1825ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಅವನು ಮರಿಯಾನ್ ಪ್ಯಾಟರ್ಸನ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ವರಿಸಿದನು. ಆಕೆ ಅಮೆರಿಕದ ಬಾಲ್ಟಿಮೋರಿನವಳು. ಬ್ರಿಟಿಷ್ ದೊರೆಯ ವಿರುದ್ಧ 1776ರ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದ ಚಾರ್ಲ್ಸ್ ಕ್ಯಾರಲ್ಲನ ಮೊಮ್ಮಗಳು. ಆಕೆಯ ಮೊದಲ ಗಂಡನ ತಂಗಿ ನೆಪೋಲಿಯನ್ನನ ತಮ್ಮನನ್ನು ಮದುವೆಯಾಗಿದ್ದವಳು. ಇಂತಹವಳು ಡಬ್ಲಿನ್ನಿನ ಅರಮನೆಯಲ್ಲಿ ಬ್ರಿಟಿಷ್ ರಾಜಪ್ರತಿನಿಧಿಯ ಪತ್ನಿಯಾಗಿ ಕುಳಿತದ್ದನ್ನು ಆರ್ಥರನು ಮೆಚ್ಚಲಿಲ್ಲ. ಆಕೆಯಲ್ಲಿ ಅವನಿಗೂ ಹಿಂದೆ ಅಕ್ಕರೆಯಿದ್ದುದು ಈ ಮುನಿಸಿಗೆ ಕಾರಣವೆಂದು ಆಗಿನವರು ಆಡಿಕೊಂಡರು. 1828ರಲ್ಲಿ ತಮ್ಮನು ಪ್ರಧಾನಿಯಾದಾಗ ಅಣ್ಣನು ರಾಜಪ್ರತಿನಿಧಿಯ ಸ್ಥಾನವನ್ನು ಬಿಟ್ಟನು. ಅಣ್ಣನು ಜೀವಮಾನವೆಲ್ಲ ಬೇಡಿದ ಕ್ಯಾಥೊಲಿಕ್ ವಿಮೋಚನೆಯ ಶಾಸನವನ್ನು ಮರುವರ್ಷವೇ ಜಾರಿಗೆ ತಂದವನು, ಅದನ್ನು ಬಹುಕಾಲ ವಿರೋಧಿಸಿದ ಅದೇ ತಮ್ಮನು!

ರಿಚರ್ಡನ ಮಕ್ಕಳ ವಿಷಯವನ್ನು ಇನ್ನೂ ಹೇಳಲಿಲ್ಲ. ಕಿರಿಯ ಮಗಳಾದ ಹಯಾಸಿಂತಳ ಗಂಡ ಎಡ್ವರ್ಡ್ ಲಿಟಲ್ಟನ್ನನು 1833ರಲ್ಲಿ ಮಾವನು ಎರಡನೆಯ ಸಲ ರಾಜಪ್ರತಿನಿಧಿಯಾದಾಗ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದನು. ಹಿರಿಯ ಮಗಳಾದ ಆನ್ ಮೊದಲ ಗಂಡನನ್ನು ಬಿಟ್ಟು 1815ರಲ್ಲಿ ಲಾರ್ಡ್ ಚಾರ್ಲ್ಸ್ ಬೆಂಟಿಂಕನೊಡನೆ ಹೊರಟುಹೋಗಿ, ವಿಚ್ಛೇದನದ ಬಳಿಕ ಅವನನ್ನು ಮದುವೆಯಾದಳು. ಈ ಚಾರ್ಲ್ಸನ ಒಡಹುಟ್ಟಿದ ಅಣ್ಣನೇ ಲಾರ್ಡ್ ವಿಲಿಯಮ್ ಬೆಂಟಿಂಕ್. ನಗರ ಪ್ರಾಂತದ ರೈತರ ಬಂಡಾಯದ ತರುವಾಯ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡ ಗವರ್ನರ್ ಜನರಲ್ಲನು ಅವನು. ಅದಕ್ಕೆ ಅವನು ಆಧಾರವಾಗಿ ಹಿಡಿದದ್ದು 1799ರ ಸಂಧಿಪತ್ರದ ಆ ವಿಧಿಯನ್ನು. ಮಗುವಾಗಿದ್ದಾಗ ಪಟ್ಟಕ್ಕೆ ಕೂರಿಸಿದವನ ಬರೆಹವೇ, ಅವನ ಮಗಳ ಭಾವನ ಕೈಯಲ್ಲಿ, ಮೂವತ್ತೆರಡು ವರ್ಷಗಳ ಮೇಲೆ ಒಡೆಯರ ಅಧಿಕಾರವನ್ನು ಕಸಿಯಿತು. ಮೈಸೂರಿಗೆ ಅದು ಹಿಂದಿರುಗಿ ಬರಲು 1881ರವರೆಗೆ ಕಾಯಬೇಕಾಯಿತು. ಆನಳ ಮೊಮ್ಮಗಳಾದ ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಯನ್ ಆರನೆಯ ಜಾರ್ಜ್ ದೊರೆಯ ರಾಣಿಯಾದಳು. ಅನೌರಸಳೆಂಬ ಕಾರಣದಿಂದ ತಂದೆಯ ಒಂದು ಬಿರುದಿಗೂ ಸಂಬಂಧವಿಲ್ಲದಂತಿದ್ದ ಮಗಳ ಸಂತತಿಯು ಹೀಗೆ ಇಂಗ್ಲೆಂಡಿನ ಸಿಂಹಾಸನವನ್ನು ಮುಟ್ಟಿತು.

ವೃದ್ಧಾಪ್ಯದಲ್ಲಿ ಅವನ ಬಡತನವನ್ನರಿತು ಕಂಪೆನಿಯು 1837ರಲ್ಲಿ 20,000 ಪೌಂಡುಗಳನ್ನು ಮಂಜೂರು ಮಾಡಿತು; ಒಂದು ಕಾಲಕ್ಕೆ ಅವನ ಪ್ರತಿಯೊಂದು ವೆಚ್ಚಕ್ಕೂ ಆಕ್ಷೇಪಿಸಿದ ನಿರ್ದೇಶಕರ ಪೀಳಿಗೆ ಅಷ್ಟರಲ್ಲಿ ಕಳೆದುಹೋಗಿತ್ತು. ಅವನು ಬಾಲ್ಯದ ಪ್ರೀತಿಯಾದ ಲ್ಯಾಟಿನ್ ಪದ್ಯರಚನೆಗೆ ಮರಳಿ ಒಂದು ಚಿಕ್ಕ ಸಂಗ್ರಹವನ್ನು ಸ್ನೇಹಿತರಿಗಾಗಿ ಅಚ್ಚುಹಾಕಿಸಿದನು. 1842ರ ಸೆಪ್ಟೆಂಬರ್ 26ರಂದು ಲಂಡನ್ನಿನಲ್ಲಿ ತೀರಿಕೊಂಡನು. ದೇಹವನ್ನು ಈಟನ್ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಹೂಳಿದರು. ಮಾರ್ಕ್ವಿಸ್ ಪದವಿಯು ಅವನೊಡನೆಯೇ ಅಳಿಯಿತು. ತಂದೆಯಿಂದ ಬಂದ ಮಾರ್ನಿಂಗ್ಟನ್ನಿನ ಅರ್ಲ್ ಪದವಿಯು ತಮ್ಮನಾದ ವಿಲಿಯಮನಿಗೂ, ಅವನ ಬಳಿಕ, ಹೆಂಡತಿಯ ಅಪಾರವಾದ ಐಶ್ವರ್ಯವನ್ನು ಸೂರೆಮಾಡಿ ಆಕೆಯ ವಾನ್‌ಸ್ಟೆಡ್ ಅರಮನೆಯನ್ನು ಸಾಲಗಾರರ ಪಾಲಾಗಿಸಿದ ಅವನ ಮಗನಿಗೂ, ಆಮೇಲೆ ಮೊಮ್ಮಗನಿಗೂ ಸಂದಿತು. ಆ ಮೊಮ್ಮಗನು 1863ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಅದು ವೆಲಿಂಗ್ಟನ್ನಿನ ಎರಡನೆಯ ಡ್ಯೂಕನಾದ ಆರ್ಥರನ ಮಗನಿಗೆ ಬಂತು. ಇಂದಿಗೂ ಆ ಡ್ಯೂಕರ ಹಲವು ಬಿರುದುಗಳ ಸಾಲಿನಲ್ಲಿ ಅದೂ ಒಂದು.